ಸೆರಗು ಒದ್ದೆಯಾಗದ ಸಿನಿಮಾ

ಆಗೆಲ್ಲ ನ್ಯಾಮತಿಯ ನಮ್ಮ ಓಣಿಯಲ್ಲಿ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದುದು ನಮ್ಮಜ್ಜಿಯ ಸೆರಗು. ಹೊಸ ಸಿನಿಮಾ ಬಂದರೆ ಅಜ್ಜಿ ಮೊದಲು ನೋಡಿಬರಬೇಕು, ಸಂಜೆ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಬಂದು ಸೆರಗಿನ ತುದಿ ಮುಟ್ಟಿ ನೋಡಬೇಕು. ಕಣ್ಣೀರಿಗೆ ಒದ್ದೆಯಾಗಿದ್ದರೆ ಸಿನಿಮಾ ಪಾಸು. ಹಿಂಡುವಷ್ಟು ಒದ್ದೆಯಾಗಿದ್ದರೆ ಎರಡೆರಡು ಸಲ ಹೋಗುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ನಗೆ ಸಿನಿಮಾ ಬಂತು. ಅತ್ತೆಯಾದವಳು ದೋಸೆಹಿಟ್ಟಿನ ಕೊಪ್ಪರಿಗೆಗೆ ಬೀಳುತ್ತಾಳೆ, ಇಬ್ಬರು ಅಳಿಯಂದಿರು ಒಂದೇ ಪಂಚೆಯಲ್ಲಿ ಓಡುತ್ತಾರೆ, ಬೀಗರ ತಲೆ ಮೇಲೆ ಪಾಯಸ. ನೋಡಿಬಂದ ಬೇರೆ ಓಣಿಯ ಹುಡುಗಿಯರು ಶಾಲೆಯಲ್ಲಿ ಕುಂಟೆಬಿಲ್ಲೆ ಬಿಟ್ಟು ಇದನ್ನೇ ಆಡಿ ತೋರಿಸುತ್ತಿದ್ದರು. ಅವರ ನಡುವೆ ನೋಡದವಳು ನಾನೊಬ್ಬಳೇ. ಹೊಟ್ಟೆ ಉರಿದುಹೋಗುತ್ತಿತ್ತು. ಗುರುವಾರವೇ ಕೊನೆ, ಶುಕ್ರವಾರ ಬೇರೆ ಸಿನಿಮಾ.

ಅಪ್ಪ ಮೇಷ್ಟರು. ಪೇಪರಿನಲ್ಲಿ ವಿಮರ್ಶೆ ಓದದೆ ಸಿನಿಮಾಕ್ಕೆ ಹೋದವರಲ್ಲ. ಚಹಾ ಕುಡಿಯುತ್ತ ಗಟ್ಟಿಯಾಗಿ ಓದಿದರು: ಕಥೆಯಿಲ್ಲ, ತರ್ಕವಿಲ್ಲ, ಬೀಳುವುದು ಏಳುವುದು ಬಿಟ್ಟರೆ ಬೇರೇನೂ ಇಲ್ಲ. ಪೇಪರ್ ಮಡಚಿಟ್ಟರು, ಮುಗಿಯಿತು. ಇನ್ನು ಓಣಿಯ ಹೆಂಗಸರು ಹೊರಟರೆ ಮಾತ್ರ ನನಗೂ ದಾರಿ.

ಮಂಗಳವಾರ ಅಜ್ಜಿ ಮ್ಯಾಟ್ನಿ ನೋಡಿಬಂದಳು. ಪಕ್ಕದ ಮನೆಯ ಮಲ್ಲಕ್ಕ ಸೆರಗು ಮುಟ್ಟಿದಳು. ಒಣಗಿ ಗರಿಗರಿ ಅನ್ನುತ್ತಿತ್ತು.

"ಒಂದ್ಸಲಾನೂ ಅತ್ತಿಲ್ಲೇನಜ್ಜಿ?"

"ಅಳಾಕೆ ಅವ್ರು ಎಲ್ಲಿ ಬಿಟ್ರವ್ವ," ಎಂದಳು ಅಜ್ಜಿ. ಸುಳ್ಳು ಹೇಳಿ ಗೊತ್ತಿಲ್ಲದ ಮುದುಕಿ.

ಹಂಗಾದ್ರೆ ದಂಡ ಎನ್ನುತ್ತ ಎಲ್ಲರೂ ಎದ್ದುಹೋದರು. ನಾನು ಹಿತ್ತಿಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅಳತೊಡಗಿದೆ. ಆದರೆ ಸಿನಿಮಾ ನೋಡದವರ ಕಣ್ಣೀರಿಗೆ ನಮ್ಮ ಓಣಿಯಲ್ಲಿ ಬೆಲೆಯಿರಲಿಲ್ಲ.

ಮರುದಿನ ಬೆಳಗ್ಗೆ ಅಜ್ಜಿ ರೊಟ್ಟಿ ತಟ್ಟುತ್ತಿದ್ದಳು. ಮಲ್ಲಕ್ಕ ಹಾಲಿಗೆ ಹೆಪ್ಪು ಕೇಳಲು ಬಂದಳು. ಹಿಟ್ಟು ಕಂಡಿದ್ದಕ್ಕೋ ಏನೋ, ಅಜ್ಜಿಗೆ ಆ ಅತ್ತೆಯ ನೆನಪಾಯಿತು. ಹೇಳಲು ಶುರುಮಾಡಿದಳು, ಅತ್ತೆ ಕೊಪ್ಪರಿಗೆಯ ತನಕ ಬರುವಷ್ಟರಲ್ಲಿ ಅಜ್ಜಿಗೇ ನಗು ತಡೆಯಲಾಗಲಿಲ್ಲ. ರೊಟ್ಟಿ ಕರಟಿ ಮನೆತುಂಬ ಸೀದ ವಾಸನೆ. ಅಜ್ಜಿ ಗೋಡೆಗೊರಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ಬಳಬಳ ನೀರು ಸುರಿಸುತ್ತ, ಸೆರಗಿನಿಂದ ಒರೆಸಿ ಒರೆಸಿ ನಕ್ಕಳು. ಮಲ್ಲಕ್ಕ ಮೆಲ್ಲಗೆ ಕೈಚಾಚಿ ಸೆರಗು ಮುಟ್ಟಿದಳು.

"ತೊಯ್ದೈತೆ," ಎಂದಳು. ಹೆಪ್ಪು ಮರೆತು ಓಣಿಗೆ ಓಡಿದಳು.

ಗುರುವಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಇಡೀ ಓಣಿ ಟಾಕೀಸಿನಲ್ಲಿತ್ತು. ಪೇಪರಿನವರು ಬರೆದದ್ದು ಸರಿಯೋ ನೋಡುತ್ತೇನೆಂದು ಅಪ್ಪನೂ ಬಂದು ಹಿಂದಿನ ಸಾಲಿನಲ್ಲಿ ಕೂತರು. ಬೀಗರ ತಲೆ ಮೇಲೆ ಪಾಯಸ ಬಿದ್ದಾಗ ತಿರುಗಿ ನೋಡಿದೆ. ಅಪ್ಪ ಬಾಯಿಗೆ ಕರ್ಚೀಫು ತುರುಕಿಕೊಂಡು ಅಲುಗಾಡುತ್ತಿದ್ದರು. ಅಜ್ಜಿಗೋ, ನಕ್ಕಾಗಲೆಲ್ಲ ಪಕ್ಕದಲ್ಲಿದ್ದ ನನ್ನ ತೊಡೆಗೆ ಫಟ್ಟೆಂದು ಹೊಡೆಯುವ ಚಾಳಿ. ಮನೆಗೆ ಬರುವಷ್ಟರಲ್ಲಿ ತೊಡೆ ಕೆಂಪಗಾಗಿತ್ತು. ಕಥೆ ಇರಲಿಲ್ಲ, ಅದಂತೂ ನಿಜ, ಎಂದರು ಅಪ್ಪ.

ಮೊನ್ನೆ ಅದೇ ಸಿನಿಮಾ ಮೊಬೈಲಿನಲ್ಲಿ ಸಿಕ್ಕಿತು. ಯಾರ್ಯಾರೋ ಒಂದು, ಒಂದೂವರೆ ಸ್ಟಾರ್ ಕೊಟ್ಟಿದ್ದರು. ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬಳೇ ಕೂತು ನೋಡಿದೆ. ಅತ್ತೆ ಹಿಟ್ಟಿಗೆ ಬಿದ್ದಳು, ನನಗೆ ನಗು ಬರಲಿಲ್ಲ. ಆದರೆ ಅವಳು ಬೀಳುವ ಮೊದಲೇ ನಾನು ಅಜ್ಜಿಯ ಏಟು ತಪ್ಪಿಸಿಕೊಳ್ಳಲು ಕಾಲು ಸರಿಸಿಕೊಂಡಿದ್ದೆ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಕಾಲು ಮತ್ತೆ ಇದ್ದಲ್ಲಿಗೇ ತಂದಿಟ್ಟೆ.