ಗಜೇಂದ್ರಗಡದ ಡಾಕ್ಟರಮ್ಮ

ಆ ಡಾಕ್ಟರಮ್ಮ ನನ್ನ ಬೆರಳು ಮುಟ್ಟುವ ಮೊದಲು ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಹೊರಗೆ ಎಷ್ಟೇ ಜನ ಕಾಯುತ್ತಿದ್ದರೂ, “ಅವಸರ ಇಲ್ರಿ, ಹೇಳ್ರಿ” ಎನ್ನುತ್ತಿದ್ದರು.

ಮದುವೆಯಾದ ಮರುವರ್ಷ ನನ್ನ ಬೆರಳ ಕೀಲುಗಳು ಬಾತು, ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕಲೂ ಆಗದಾಯಿತು. ಹುಬ್ಬಳ್ಳಿಯಿಂದ ರಕ್ತಪರೀಕ್ಷೆಯ ವರದಿ ಬಂದ ದಿನ ಅತ್ತೆಯೂ ನನ್ನ ಜೊತೆ ಬಂದರು.

“ಶಕ್ತಿ ಬರೋ ಟಾನಿಕ್ ಕೊಡ್ರಿ, ಭಾಳ ಸೊರಗ್ಯಾಳ” ಎಂದರು ಅತ್ತೆ.

“ಶಕ್ತಿ ಕಡಿಮಿ ಆಗಿ ಬಂದದ್ದಲ್ರಿ ಇದು” ಎಂದರು ಡಾಕ್ಟರಮ್ಮ. “ರೋಗದ ಜೋಡಿ ಬಡಿದಾಡೋ ಶಕ್ತಿ ಎಲ್ಲಾರ ಮೈಯಾಗೂ ಇರ್ತೈತಿ. ಅದು ತನ್ನ ಮೈಗೆ ಏನೂ ಮಾಡೂದಿಲ್ಲ. ಇವ್ರೊಳಗ ಅದು ಗುರ್ತ ತಪ್ಪಿ ಇವ್ರ ಕೀಲಿನ ಮ್ಯಾಲೇ ಬಿದ್ದೈತಿ. ಅದನ್ನ ಸಮಾಧಾನ ಮಾಡಾಕ ಗುಳಿಗಿ ಕೊಡ್ತೀನಿ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಹಂಗಾರ ನಾ ಭಾಳ ದುಡಿಸಿದ್ದಕ್ಕ ಬಂದಿದ್ದಲ್ಲೇನ್ರಿ?”

“ಅಲ್ರಿ ಅವ್ವಾರ. ನಿಮ್ಮಿಂದೂ ಅಲ್ಲ, ಇವ್ರಿಂದೂ ಅಲ್ಲ.”

ಅಷ್ಟು ದಿನ ಅತ್ತೆ ನನ್ನ ಮುಖ ನೋಡದೆ ಇದ್ದದ್ದು ಸಿಟ್ಟಿನಿಂದಲ್ಲ ಎಂದು ನನಗೆ ಅಂದೇ ತಿಳಿಯಿತು. ದವಾಖಾನೆಯ ಮೆಟ್ಟಿಲು ಇಳಿಯುವಾಗ ಅವರು ಮೊದಲ ಬಾರಿ ನನ್ನ ಕೈ ಹಿಡಿದರು. ಕೆಲವು ತಿಂಗಳ ಮೇಲೆ ಬೆರಳು ಮಡಚಲು ಬಂತು, ಮಗ್ಗಕ್ಕೂ ಮರಳಿದೆ. ಬೆರಳು ಗುಣವಾದದ್ದಕ್ಕೂ, ಅತ್ತೆ ನನ್ನ ಕೈ ಹಿಡಿದದ್ದಕ್ಕೂ ನಾನು ಆ ಡಾಕ್ಟರಮ್ಮನಿಗೆ ಋಣಿ.