ಪಿನ್ನು ಬೇಡದ ಮಲ್ಲಿಗೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಗ್ಲೆನ್ ವೇವರ್ಲಿಯ ನಮ್ಮ ಮನೇಲಿ ಬಾತ್‌ರೂಮ್ ಒಳಗೆ ನನ್ನ ಹೆಂಡತಿ ಅಬೇನಾ ಕತ್ತರಿ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ಮೈಸೂರಿಂದ ಬಂದಿರೋ ನಮ್ಮಮ್ಮ.

ಅಬೇನಾ ಘಾನಾದವಳು. ಅವಳದು ಸ್ಪ್ರಿಂಗಿನಂಥ ಒತ್ತಾದ ಗುಂಗುರು ಕೂದಲು. ವರ್ಷಗಟ್ಟಲೆ ಕೆಮಿಕಲ್ ಹಾಕಿಸಿ ನೇರ ಮಾಡಿಸ್ತಿದ್ದವಳು ಹೋದ ವರ್ಷ ನಿಲ್ಲಿಸಿದಳು. ಬುಡದಿಂದ ಅವಳದೇ ಗುಂಗುರು ಬೆಳೆದಿತ್ತು, ತುದೀಲಿ ಹಳೇ ನೇರ ಕೂದಲು ಬಾಡಿದ ಸೊಪ್ಪಿನ ಹಾಗೆ ಜೋತಾಡ್ತಿತ್ತು. ಆ ತುದಿಗೆ ಇವತ್ತು ಮುಹೂರ್ತ.

"ಶುಕ್ರವಾರ ಮುತ್ತೈದೇರು ಕೂದಲು ಕತ್ತರಿಸ್ತಾರೇನಮ್ಮ? ಸೋಮವಾರ ಮಾಡ್ಕೊ," ಅಂದರು ಅಮ್ಮ.

"ಸೋಮವಾರ ಡ್ಯೂಟಿ, ಅತ್ತೆ," ಅಂದಳು. ಕಚಕ್!

ಅಮ್ಮನ ಮುಖ ಊದಿಕೊಂಡಿತು. "ಈ ಮೋಟು ಕೂದಲಿಗೆ ಹೂವು ಎಲ್ಲಿ ಮುಡಿಸ್ಲಿ?" ಅಂತ ಗೊಣಗುತ್ತಲೇ ಫ್ರಿಜ್ಜಿನಿಂದ ಮಲ್ಲಿಗೆ ತಂದು, ಅವಳ ಕಿವಿ ಮೇಲೆ ಒಂದು ತುಂಡು ಸಿಕ್ಕಿಸಿದರು. ಹೂವು ಅಲ್ಲೇ ಕಚ್ಚಿಕೊಂಡು ನಿಂತಿತು.

"ತಲೆ ಅಲ್ಲಾಡಿಸು."

ಅಬೇನಾ ಅಲ್ಲಾಡಿಸಿದಳು. ಕುಣಿದೂ ತೋರಿಸಿದಳು. ಹೂವು ಜಪ್ಪಯ್ಯ ಅನ್ನಲಿಲ್ಲ.

"ಪಿನ್ನೇ ಬೇಡ್ವಲ್ಲೋ ಇವಳಿಗೆ!" ಅಂದರು ಅಮ್ಮ, ಚಿನ್ನ ಸಿಕ್ಕವರ ಹಾಗೆ.

ಅಮ್ಮನ ಜಡೆಯಿಂದ ಜಾರಿದ ಮಲ್ಲಿಗೆಯನ್ನ ಈಗಷ್ಟೇ ಸೋಫಾ ಕೆಳಗಿಂದ ತೆಗೆದೆ. ಇವತ್ತು ಶುಕ್ರವಾರ ಅನ್ನೋದು ಅವರಿಗೆ ಮರೆತೇಹೋಗಿದೆ. ಜ್ಞಾಪಿಸೋಕೆ ನನಗೇನು ಹುಚ್ಚೇ?