ಸರೋಜಾ ಹೇಳಿದ್ದನ್ನು ನಾನು ಕಥೆ ಮಾಡಿದ್ದು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಗದಗಿನ ಒಂದು ಪದವಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿದ್ದೆ. ಈ ವಿಷಯ ತೆಗೆದುಕೊಳ್ಳುವವರೇ ಕಡಿಮೆ. ಇದ್ದ ಹನ್ನೊಂದು ಮಂದಿಯನ್ನು ಪ್ರತಿ ಶನಿವಾರ ಪುಸ್ತಕ ಮುಚ್ಚಿಸಿ ಸುತ್ತಲೂ ಕೂರಿಸುತ್ತಿದ್ದೆ. ಮನಸ್ಸನ್ನು ಕೊರೆಯುತ್ತಿರುವ ಪ್ರಶ್ನೆಯನ್ನು ಒಬ್ಬರು ಮುಂದಿಡಬೇಕು, ಉಳಿದವರು ಚರ್ಚಿಸಬೇಕು. ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ ಎಂದು ಭರವಸೆ ಕೊಟ್ಟವನೂ ನಾನೇ. ಹಾಗೆ ಮಾತು ಕೊಡಲು ನನಗೇನು ಅಧಿಕಾರವಿತ್ತು ಎಂದು ಆಗ ಯೋಚಿಸಲಿಲ್ಲ.

ಸರೋಜಾ ಬೆಟಗೇರಿಯ ನೇಕಾರರ ಮಗಳು, ಬಿ.ಎ. ಎರಡನೇ ವರ್ಷ. ಬಹಳ ದಿನ ಸುಮ್ಮನೆ ಕೂತಿದ್ದವಳು ಒಂದು ಶನಿವಾರ ಬಾಯಿಬಿಟ್ಟಳು.

"ಸರ, ನಮ್ಮ ಮನ್ಯಾಗ ಮಗ್ಗ ಐತಿ, ಆದ್ರ ನೇಯೋದು ನಿಂತೈತಿ. ಪವರ್‌ಲೂಮಿನ ಸೀರಿ ತಂದು ಅಪ್ಪ ಕೈಮಗ್ಗದ್ದಂತ ಮಾರ್ತಾನ. ಗಿರಾಕಿ ಬಂದಾಗ ನಾನು ಮಗ್ಗದಾಗ ಕುಂಡ್ರಬೇಕು. ಅದೂ ಸುಳ್ಳ ಅಲ್ಲೇನ್ರಿ?"

ಎಂಥ ಪ್ರಶ್ನೆ! ಇಷ್ಟು ವರ್ಷ ಪಾಠ ಹೇಳಿದ್ದು ಸಾರ್ಥಕವೆನಿಸಿತು. ಎಲ್ಲರೆದುರು ಅವಳನ್ನು ಹೊಗಳಿದೆ.

ಆ ಹನ್ನೊಂದು ಮಂದಿಯಲ್ಲೇ ಯಾರೋ ಹೊರಗೆ ಆಡಿರಬೇಕು, ಸೋಮವಾರದ ಹೊತ್ತಿಗೆ ಮಾತು ಅವರ ಓಣಿ ಮುಟ್ಟಿತ್ತು. ಮರುದಿನ ಅವಳ ತಂದೆ ಅವಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಬಂದರು. ನನ್ನನ್ನೂ ಅಲ್ಲಿಗೆ ಕರೆಸಿದರು. ಗಿರಾಕಿಗಳ ಕಿವಿಗೆ ಬಿದ್ದರೆ ವ್ಯಾಪಾರವೇ ಮುಳುಗುತ್ತದೆ ಎಂಬ ಹೆದರಿಕೆ ಅವರಿಗೆ.

"ಈಕಿ ಹೇಳಿದ್ದು ಸುಳ್ಳಂತ ನೀವ ಬಂದು ನಮ್ಮ ಓಣ್ಯಾಗ ಹೇಳ್ರಿ. ಇಲ್ಲಂದ್ರ ಇವತ್ತಿಗೆ ಈಕಿ ಸಾಲಿ ಮುಗೀತು" ಎಂದು ನನಗೆ ಹೇಳಿದರು.

ಸರೋಜಾ ನನ್ನನ್ನೇ ನೋಡುತ್ತಿದ್ದಳು. ಅವಳ ಓದು ಉಳಿಯಬೇಕಿತ್ತು. ಪ್ರಿನ್ಸಿಪಾಲರೆದುರು ನನ್ನ ಮಾನವೂ ಉಳಿಯಬೇಕಿತ್ತು, ಅದನ್ನೇಕೆ ಮುಚ್ಚಿಡಲಿ. ನಮ್ಮ ವಿಷಯದಲ್ಲಿ ಥಾಟ್ ಎಕ್ಸ್‌ಪೆರಿಮೆಂಟ್ ಎಂಬುದೊಂದಿದೆ. ನಡೆಯದ ಸಂಗತಿಯನ್ನು ಕಲ್ಪಿಸಿಕೊಂಡು ಅದರ ಸರಿತಪ್ಪು ಚರ್ಚಿಸುವುದು. ಅದು ನೆನಪಾಯಿತು.

"ಅದು ಖರೆ ಸಂಗತಿ ಅಲ್ರಿ. ಏನರ ಕಲ್ಪನಾ ಮಾಡಿ ಹೇಳು ಅಂತ ನಾನ ಹೇಳಿದ್ದೆ" ಎಂದೆ.

ಸಂಜೆ ಅವರ ಓಣಿಗೂ ಹೋಗಿ ನಾಲ್ಕು ಜನರೆದುರು ಅದನ್ನೇ ಹೇಳಿದೆ. ಹುಡುಗಿ ಕಥೆ ಕಟ್ಟುವುದರಲ್ಲಿ ಜಾಣೆ ಎಂದು ಒಂದು ಮಾತು ಸೇರಿಸಿಯೂ ಬಿಟ್ಟೆ. ಅವರ ಮನೆಯಲ್ಲಿ ಚಹಾ ಕುಡಿದು ಬಂದೆ.

ಓದು ಉಳಿಯಿತು. ಶನಿವಾರದ ಚರ್ಚೆಗೆ ಸರೋಜಾ ಮತ್ತೆ ಬರಲಿಲ್ಲ. ಕಾರಣ ಗೊತ್ತಿದ್ದರಿಂದ ನಾನೂ ಕೇಳಲಿಲ್ಲ.

ಅಂತಿಮ ವರ್ಷದ ಪರೀಕ್ಷೆ ಮುಗಿದ ದಿನ ವರಾಂಡದಲ್ಲಿ ಎದುರಾದಳು. ಲಕ್ಷ್ಮೇಶ್ವರದ ಹುಡುಗನ ಜೊತೆ ಮದುವೆ ಗೊತ್ತಾಗಿದೆ ಎಂದಳು. ಚಲೋ ಆತಲ್ಲವಾ ಎಂದೆ.

"ಅಂವ ಕುಡೀತಾನ್ರಿ ಸರ. ಬಸ್‌ಸ್ಟ್ಯಾಂಡಿನ್ಯಾಗ ತೂರ್ಯಾಡೋದು ನಾನ ಕಣ್ಣಾರೆ ನೋಡೇನಿ. ಮನ್ಯಾಗ ಹೇಳಿದ್ರ ಅಪ್ಪ ನಗತಾನ. ನೀ ಕಥಿ ಕಟ್ಟಾಕಿ ಅಂತ ನಿಮ್ಮ ಸರ ಹೇಳ್ಯಾರಲ್ಲ, ಅಂತಾನ. ನೀವೊಮ್ಮೆ ಬಂದು ಹೇಳ್ರಿ."

ಅಂದೇ ಅವಳ ಜೊತೆ ಬೆಟಗೇರಿಗೆ ಹೋಗಿ, ಸುಳ್ಳು ಹೇಳಿದವನು ನಾನು ಎಂದು ಒಪ್ಪಿಕೊಳ್ಳಬಹುದಿತ್ತು. ಪೇಪರ್ ತಿದ್ದುವುದಿದೆ, ಮುಂದಿನ ವಾರ ಬರುತ್ತೇನೆ ಎಂದೆ. ಆ ವಾರವೂ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ. ನಾಚಿಕೆಗೇಡು, ಮತ್ತೇನು!

ಮದುವೆಗೆ ಮಾತ್ರ ಹೋದೆ. ಅವಳ ತಂದೆ ನನ್ನ ಕೈಹಿಡಿದು ಬೀಗರ ಹತ್ತಿರ ಕರೆದೊಯ್ದು, "ನನ್ನ ಮಗಳ ಸಾಲಿ ಉಳಿಸಿದ ಸರ ಇವರ ನೋಡ್ರಿ" ಎಂದರು. ಕೈಮುಗಿದು ನಿಂತೆ.

ಇನ್ನೊಬ್ಬರ ಬಾಯಿಂದ ಸತ್ಯ ಹೇಳಿಸುವುದು ಸುಲಭ, ಅದನ್ನೇ ನಾನು ಪಾಠವೆಂದುಕೊಂಡಿದ್ದೆ. ಹೇಳಿದವರ ಪಕ್ಕದಲ್ಲಿ ನಿಲ್ಲಲಾರದವನು ಅವರನ್ನು ಮಾತಿಗೆ ಎಳೆಯಬಾರದು. ಇದನ್ನು ಕಲಿತವನು ನಾನು, ಬೆಲೆ ತೆತ್ತವಳು ಸರೋಜಾ.